ಹೂಪಾತಿಗೆ ತೊಗಟೆ ಚೂರಿನ ಬದಲು ಜಲ್ಲಿ ಹಾಕಿದರೆ ಹೇಗೆ?

ಪಾತಿಯಂಚು

ಎಲ್ಲರಿಗೂ ನಮಸ್ಕಾರ. ಮನೆ ಗೋಡೆಗುಂಟ ಎಂಟು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಹೂಪಾತಿ ಇದೆ. ನಾಲ್ಕು ವರ್ಷದಿಂದ ಅದಕ್ಕೆ ಮರದ ತೊಗಟೆಯ ಚೂರು ಹೊದಿಸುತ್ತಾ ಬಂದಿದ್ದೇನೆ. ಹಾಕಿದಾಗ ನಾಲ್ಕು ಬೆರಳು ದಪ್ಪ ಇದ್ದದ್ದು ವರ್ಷ ತುಂಬುವಷ್ಟರಲ್ಲಿ ಒಂದು ಬೆರಳಿಗೆ ಇಳಿದಿರುತ್ತದೆ. ಜೋರು ಮಳೆ ಬಂದರೆ ಅದರಲ್ಲಿ ಅರ್ಧ ಕಾಲುದಾರಿಗೆ ತೇಲಿ ಬರುತ್ತದೆ. ಮತ್ತೆ ತರಬೇಕು, ಮತ್ತೆ ಹರಡಬೇಕು. ಬೆನ್ನು ಸೋತಿದೆ.

ಹಾಗಾಗಿ ಎಲ್ಲವನ್ನೂ ತೆಗೆದು, ಕಳೆ ತಡೆಯುವ ಬಟ್ಟೆ ಹಾಸಿ, ಅದರ ಮೇಲೆ ಜಲ್ಲಿ ಸುರಿದುಬಿಡೋಣ ಎಂದುಕೊಂಡಿದ್ದೇನೆ. ಒಮ್ಮೆ ಮಾಡಿದರೆ ಮುಗಿಯಿತಲ್ಲವೇ? ಮಾಡಿದವರು ಯಾರಾದರೂ ಇದ್ದರೆ ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳಿ. ಒಂದು ಟನ್ ಕಲ್ಲು ತಂದು ಸುರಿದ ಮೇಲೆ ಮನಸ್ಸು ಬದಲಾಯಿಸುವುದು ಕಷ್ಟ ಅಂತ ಗೊತ್ತು.

ಮಣ್ಣುಮುಟ್ಟಿದವ

ಸುರಿಯುವ ಮೊದಲೇ ಕೇಳಿದಿರಿ, ಅದೇ ದೊಡ್ಡ ವಿಷಯ. ಆ ಪಾತಿಯಲ್ಲಿ ಯಾವ ಗಿಡಗಳಿವೆ ಎಂದು ನೀವು ಬರೆದಿಲ್ಲ. ನನಗೆ ಅದೇ ಮೊದಲು ತಿಳಿಯಬೇಕಾದದ್ದು.

ತೊಗಟೆ, ಮರದ ಚಕ್ಕೆ, ತರಗೆಲೆ ಇವೆಲ್ಲ ನಿಧಾನವಾಗಿ ಕೊಳೆತು ಮಣ್ಣಾಗುತ್ತವೆ. ನಾಲ್ಕು ಬೆರಳು ಒಂದು ಬೆರಳಿಗೆ ಇಳಿಯಿತು ಎಂದಿರಲ್ಲ, ಆ ಮೂರು ಬೆರಳು ಪೂರ್ತಿ ಮಳೆಗೆ ಕೊಚ್ಚಿಹೋದದ್ದಲ್ಲ. ಬಹುಪಾಲನ್ನು ಎರೆಹುಳು, ಶಿಲೀಂಧ್ರಗಳು ತಿಂದು ನಿಮ್ಮ ಮಣ್ಣಿಗೆ ಸೇರಿಸಿವೆ. ತೊಗಟೆ ಸರಿಸಿ ಒಂದು ಹಿಡಿ ಮಣ್ಣು ತೆಗೆದು ನೋಡಿ, ನಾಲ್ಕು ವರ್ಷದ ಹಿಂದಿನ ಮಣ್ಣಲ್ಲ ಅದು.

ಜಲ್ಲಿ ಮಣ್ಣಿಗೆ ಏನನ್ನೂ ಕೊಡುವುದಿಲ್ಲ. ತೇವ ಆರದಂತೆ ನೋಡಿಕೊಳ್ಳುತ್ತದೆ, ಮಳೆಹನಿಯ ಹೊಡೆತಕ್ಕೆ ಮಣ್ಣು ಸಿಡಿಯದಂತೆ, ಮೇಲ್ಮೈ ಗಟ್ಟಿಯಾಗದಂತೆ ತಡೆಯುತ್ತದೆ. ಅಷ್ಟೇ. ಅಷ್ಟು ಸಾಕಾಗುವ ಗಿಡಗಳೂ ಇವೆ, ಸಾಲದೆ ಸೊರಗುವ ಗಿಡಗಳೂ ಇವೆ. ಆದ್ದರಿಂದ ಗಿಡಗಳ ಪಟ್ಟಿ ಕೊಡಿ.

ಜರಡಿ

ನಿಮ್ಮ ಯೋಜನೆಯನ್ನೇ, ಬಟ್ಟೆ ಸಮೇತ, ಆರು ವರ್ಷದ ಹಿಂದೆ ಮಾಡಿದವನು ನಾನು. ಈಗ ಅದನ್ನು ಕಿತ್ತು ತೆಗೆಯುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲ ವರ್ಷ ಸ್ವರ್ಗ. ಒಂದು ಕಳೆ ಇಲ್ಲ, ಕಲ್ಲು ತೊಳೆದಿಟ್ಟಂತೆ. ಎರಡನೆಯ ವರ್ಷ ಹತ್ತಿರದ ಮರದ ಎಲೆಗಳು ಕಲ್ಲಿನ ಮೇಲೆ ಬಿದ್ದವು. ಕುಂಟೆಯಿಂದ ಎಳೆದರೆ ಎಲೆಯ ಜೊತೆ ಕಲ್ಲೂ ಬರುತ್ತದೆ. ಕೈಯಿಂದ ಆರಿಸಿದೆ, ಆದರೆ ಪುಡಿಯಾದದ್ದು ಸಂದುಗಳಿಗೆ ಇಳಿಯಿತು. ಗಾಳಿಯ ಧೂಳೂ ಅದಕ್ಕೆ ಸೇರಿತು. ಮೂರನೆಯ ವರ್ಷಕ್ಕೆ ಕಲ್ಲಿನ ತಳದಲ್ಲಿ, ಬಟ್ಟೆಯ ಮೇಲೆ, ಒಂದು ಬೆರಳು ಕಪ್ಪು ಮಣ್ಣು ತಯಾರಾಗಿತ್ತು. ಕಳೆ ಬೀಜಕ್ಕೆ ಇನ್ನೇನು ಬೇಕು? ಕೆಳಗೆ ಹಸಿ, ಮೇಲೆ ಬಿಸಿಲು. ಬಟ್ಟೆ ತಡೆಯುವುದು ಕೆಳಗಿನಿಂದ ಬರುವ ಕಳೆಯನ್ನು. ನನ್ನ ಕಳೆ ಬಂದದ್ದೆಲ್ಲ ಮೇಲಿನಿಂದ. ಅದರ ಬೇರು ಬಟ್ಟೆಯ ನೇಯ್ಗೆಯೊಳಗೆ ಹೊಕ್ಕಿ ಹಿಡಿದುಕೊಂಡಿತ್ತು. ಎಳೆದರೆ ಗಿಡ ತುಂಡಾಗಿ ಬೇರು ಅಲ್ಲೇ ಉಳಿಯುತ್ತಿತ್ತು. ಜೇಕಿನ ಮಾತು ಬೇರೆ. ಅದರ ಮೊಳಕೆ ಸೂಜಿಯಂತೆ ಕೆಳಗಿನಿಂದಲೇ ಬಟ್ಟೆಯನ್ನು ತೂತು ಮಾಡಿಕೊಂಡು ಬಂತು.

ಅದಕ್ಕಿಂತ ಹೆಚ್ಚು ಸಂಕಟವಾದದ್ದು ಬಟ್ಟೆ ಎತ್ತಿದಾಗ. ಕೆಳಗಿನ ಮಣ್ಣು ಬೂದುಬಣ್ಣಕ್ಕೆ ತಿರುಗಿ ಹಲಗೆಯಂತೆ ಗಟ್ಟಿಯಾಗಿತ್ತು. ಒಂದೇ ಒಂದು ಎರೆಹುಳು ಕಾಣಲಿಲ್ಲ. ಬಟ್ಟೆಯ ರಂಧ್ರಗಳು ಸಣ್ಣ ಮಣ್ಣಿನಿಂದ ಮುಚ್ಚಿಹೋಗಿ ನೀರೂ ಗಾಳಿಯೂ ಸರಿಯಾಗಿ ಇಳಿದಿರಲಿಲ್ಲ. ನನ್ನ ಗುಲಾಬಿಗಳ ಬೇರು ಆಳಕ್ಕೆ ಹೋಗುವ ಬದಲು ಬಟ್ಟೆಯ ಅಡಿಯಲ್ಲೇ ಚಾಪೆಯಂತೆ ಹಬ್ಬಿತ್ತು. ಬಟ್ಟೆ ಎಳೆಯುವಾಗ ಆ ಬೇರುಗಳೂ ಹರಿದವು. ಐದು ಗಿಡಗಳಲ್ಲಿ ಎರಡು ಹೋದವು.

ಈಗ ಪ್ರತಿ ಭಾನುವಾರ ಒಂದೊಂದು ಮೀಟರಿನಂತೆ ಸಲಿಕೆಯಲ್ಲಿ ಎತ್ತಿ, ಜರಡಿ ಹಿಡಿದು, ಕಲ್ಲು ಒಂದು ಕಡೆ ಮಣ್ಣು ಒಂದು ಕಡೆ ಮಾಡುತ್ತಿದ್ದೇನೆ. ದಯವಿಟ್ಟು ಬಟ್ಟೆ ಮಾತ್ರ ಹಾಸಬೇಡಿ.

ಕಲ್ಲುಹೂ

ಜರಡಿ ಅವರ ಕಷ್ಟ ಓದಿ ಬೇಸರವಾಯಿತು. ಬಟ್ಟೆಯ ವಿಷಯದಲ್ಲಿ ಅವರ ಮಾತಿಗೆ ನನ್ನದೂ ಒಂದು ಓಟು. ಆದರೆ ಜಲ್ಲಿಯೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಯಾರೂ ಹೋಗಬೇಡಿ. ಹನ್ನೊಂದು ವರ್ಷದಿಂದ ನನ್ನ ಮುಂದಿನ ಪಾತಿ ಪೂರ್ತಿ ಜಲ್ಲಿಯದು, ಅಡಿಯಲ್ಲಿ ಏನೂ ಹಾಸಿಲ್ಲ. ನನ್ನ ತೋಟದಲ್ಲಿ ಅತಿ ಕಡಿಮೆ ನೀರು ಕುಡಿಯುವ ಜಾಗ ಅದು.

ಗುಟ್ಟು ಇರುವುದು ಗಿಡಗಳ ಆಯ್ಕೆಯಲ್ಲಿ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಬೆತ್ ಚಾಟೋ ಎಂಬ ತೋಟಗಾರ್ತಿ ಇದ್ದರು, 2018ರಲ್ಲಿ ತೀರಿಕೊಂಡರು. 1990ರ ದಶಕದ ಆರಂಭದಲ್ಲಿ ಅವರು ಹಳೆಯ ಕಾರ್ ಪಾರ್ಕಿಂಗ್ ಜಾಗವೊಂದನ್ನು ಜಲ್ಲಿತೋಟ ಮಾಡಿದರು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳುವ ಜಾಗ. ಬೇರು ಹಿಡಿದ ಮೇಲೆ ಗಿಡಗಳಿಗೆ ನೀರು ಹಾಯಿಸುವುದಿಲ್ಲ ಎಂಬುದು ಅವರ ನಿಯಮ. ಅದು ಇವತ್ತಿಗೂ ಹೂಬಿಡುತ್ತಿದೆ. ಅಲ್ಲಿ ಬಹಳ ಜನ ಗಮನಿಸದೆ ಬಿಡುವ ಒಂದು ಸಂಗತಿ ಇದೆ. ಅವರು ಗಟ್ಟಿನೆಲವನ್ನು ಮೊದಲು ಆಳವಾಗಿ ಸಡಿಲಿಸಿ, ಕಾಂಪೋಸ್ಟ್ ಬೆರೆಸಿ, ಗಿಡ ನೆಟ್ಟ ನಂತರವೇ ಜಲ್ಲಿ ಹೊದಿಸಿದ್ದು. ಜಲ್ಲಿ ಕೊನೆಯ ಪದರ. ಮಣ್ಣಿನ ಕೆಲಸ ಮುಗಿದ ಮೇಲಿನ ಕೆಲಸ ಅದು.

ಜಲ್ಲಿಯನ್ನು ಇಷ್ಟಪಡುವ ಗಿಡಗಳೆಂದರೆ ಲ್ಯಾವೆಂಡರ್, ರೋಸ್‌ಮೆರಿ, ಥೈಮ್, ಸಾಲ್ವಿಯಾ, ಸೀಡಮ್, ಯಾರೋ (ಅಕಿಲಿಯಾ), ಗೌರಾ, ಎತ್ತರದ ವರ್ಬೆನಾ, ಗಡ್ಡೆಯನ್ನು ಬಿಸಿಲಿಗೆ ಒಡ್ಡಿಕೊಂಡು ಕೂರುವ ಐರಿಸ್, ಟೇಬಲ್ ರೋಸ್, ಒರಟು ಹುಲ್ಲುಗಳು. ಇವುಗಳಿಗೆ ಬಾಯಾರಿಕೆಗಿಂತ ಬುಡದಲ್ಲಿ ನಿಲ್ಲುವ ಹಸಿಯೇ ಹೆಚ್ಚು ಅಪಾಯ. ಒದ್ದೆ ತೊಗಟೆ ಬುಡಕ್ಕೆ ಒತ್ತಿಕೊಂಡಿದ್ದರೆ ಲ್ಯಾವೆಂಡರ್ ಒಳಗೊಳಗೇ ಕೊಳೆಯುತ್ತದೆ. ಜಲ್ಲಿಯಲ್ಲಿ ಅದೇ ಗಿಡದ ಬುಡ ಮಳೆ ನಿಂತ ಸ್ವಲ್ಪ ಹೊತ್ತಿಗೆ ಒಣಗಿರುತ್ತದೆ, ಬೇರಿನ ಹತ್ತಿರ ಮಾತ್ರ ತಂಪು ಉಳಿದಿರುತ್ತದೆ. ಮಣ್ಣಿನ ತೇವ ಮೇಲೇರುತ್ತಾ ಬಂದು ದಪ್ಪ ಕಲ್ಲಿನ ಸಂದುಗಳಲ್ಲಿ ದಾರಿ ತುಂಡಾಗಿ ಕೆಳಗೇ ನಿಲ್ಲುತ್ತದೆ. ಒಣ ದಿನಗಳಲ್ಲಿ ಕೈಯಿಂದ ಎರಡಂಗುಲ ಕಲ್ಲು ಸರಿಸಿ ಮುಟ್ಟಿ ನೋಡಿದರೆ ನಂಬಲಾಗುವುದಿಲ್ಲ, ಅಷ್ಟು ತಂಪು.

ಜರಡಿ ಅವರೇ, ನಿಮ್ಮ ಪಾತಿಯ ಮೇಲೆ ಎಲೆ ಉದುರಿಸುವ ಮರ ಇತ್ತು, ಪಾತಿಯಲ್ಲಿ ಗುಲಾಬಿ ಇತ್ತು. ಅವೆರಡೂ ಜಲ್ಲಿಗೆ ಹೊಂದುವುದಿಲ್ಲ ಎನ್ನುವುದು ನನ್ನ ಅನಿಸಿಕೆ.

ಜರಡಿ

ಒಪ್ಪುತ್ತೇನೆ. ಆ ಎರಡರಲ್ಲಿ ಒಂದನ್ನಾದರೂ ಯಾರಾದರೂ ಮೊದಲೇ ಹೇಳಿದ್ದರೆ ಇಷ್ಟು ಭಾನುವಾರಗಳು ಉಳಿಯುತ್ತಿದ್ದವು.

ನೆರಳುಗಿಡ

ಬಿಸಿಯ ವಿಷಯ ಯಾರೂ ಎತ್ತಲಿಲ್ಲ. ಗೋಡೆ ಪಕ್ಕದ ಪಾತಿ ಎಂದಿದ್ದಾರೆ. ಮಧ್ಯಾಹ್ನದ ಬಿಸಿಲು ಗೋಡೆಗೂ ಬಡಿದು, ಕಲ್ಲಿಗೂ ಬಡಿದರೆ ನಡುವಿನ ಗಿಡದ ಗತಿ ಏನು?

ಮಣ್ಣುಮುಟ್ಟಿದವ

ಕೇಳಬೇಕಾದ ಪ್ರಶ್ನೆ. ಕಲ್ಲು ಹಗಲೆಲ್ಲ ಬಿಸಿ ಕುಡಿದು ಕತ್ತಲಾದ ಮೇಲೆ ನಿಧಾನವಾಗಿ ಬಿಡುತ್ತದೆ. ಕಪ್ಪು ಕಲ್ಲು ಹೆಚ್ಚು ಕಾಯುತ್ತದೆ. ಬಿಳಿ ಕಲ್ಲು ಅಷ್ಟು ಕಾಯದಿದ್ದರೂ ಬೆಳಕನ್ನು ಎಲೆಗಳ ತಳಭಾಗಕ್ಕೆ ಎಸೆಯುತ್ತದೆ. ಅಗಲ ಎಲೆಯ, ತೆಳು ಎಲೆಯ ಗಿಡಗಳು ಆ ಝಳಕ್ಕೆ ಮಧ್ಯಾಹ್ನವೇ ಜೋಲುತ್ತವೆ. ಬೇರಿನಲ್ಲಿ ನೀರಿದ್ದರೂ ಎಲೆಯಿಂದ ಹೋಗುವ ವೇಗಕ್ಕೆ ಅದು ಸಾಲುವುದಿಲ್ಲ. ಬೂದು ಬಣ್ಣದ ಸಣ್ಣ ಎಲೆ, ರೋಮದ ಎಲೆ, ದಪ್ಪ ತಿರುಳಿನ ಎಲೆ ಇವು ಅಂಥ ಝಳಕ್ಕೇ ಹುಟ್ಟಿದವು.

ತೊಗಟೆಯ ಕೆಳಗಿನ ಮಣ್ಣು ಹಗಲು ತಂಪಾಗಿರುತ್ತದೆ, ರಾತ್ರಿ ಹಠಾತ್ತಾಗಿ ತಣಿಯುವುದೂ ಇಲ್ಲ. ಬೇರುಗಳಿಗೆ ಅಂಥ ಸ್ಥಿರತೆ ಇಷ್ಟ. ಚಳಿ ಹೆಚ್ಚಿರುವ ಕಡೆ ಮಾತ್ರ ಕಲ್ಲಿನ ರಾತ್ರಿಬಿಸಿ ಉಪಕಾರಕ್ಕೆ ಬರುವುದುಂಟು, ಬೇಗ ಚಿಗುರುವ ಗಡ್ಡೆ ಹೂಗಳಿಗೆ ಅದು ಹಿತ.

ಹಸಿರುಕೈ

ಜಲ್ಲಿಗೆ ಇನ್ನೊಂದು ಕಾರಣವೂ ಇದೆ. ತೊಗಟೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ನಾನು ಆ ಭಯಕ್ಕೇ ಮರದ ಚಕ್ಕೆ ಮುಟ್ಟುವುದಿಲ್ಲ.

ಮಣ್ಣುಮುಟ್ಟಿದವ

ಹಸಿರುಕೈ ಅವರೇ, ಈ ಭಯ ಬಹಳ ಜನರಲ್ಲಿದೆ, ನನಗೂ ಇತ್ತು. ಚಕ್ಕೆಯನ್ನು ಮಣ್ಣಿನೊಳಗೆ ಅಗೆದು ಬೆರೆಸಿದಾಗ ಹಾಗಾಗುವುದು ನಿಜ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಅವು ಬೇರಿನ ಪಕ್ಕದಿಂದಲೇ ತೆಗೆದುಕೊಳ್ಳುತ್ತವೆ. ಬರೀ ಮೇಲೆ ಹೊದಿಸಿದರೆ ಈ ಎಳೆದಾಟ ನಡೆಯುವುದು ಚಕ್ಕೆ ಮಣ್ಣಿಗೆ ತಾಗುವ ತೆಳು ಪದರದಲ್ಲಿ ಮಾತ್ರ. ಬೇರು ಅದಕ್ಕಿಂತ ಕೆಳಗಿರುತ್ತದೆ. ಆ ತೆಳು ಪದರದಲ್ಲಿ ಸಾರಜನಕ ಕಡಿಮೆಯಾಗುವುದರಿಂದ ಮೊಳೆಯುವ ಕಳೆಬೀಜಗಳಿಗೆ ತೊಂದರೆಯಾದರೆ ನಮಗೆ ಒಳ್ಳೆಯದೇ. ಈಗಷ್ಟೇ ಬೀಜ ಬಿತ್ತಿದ ಪಾತಿಗೆ, ಮೇಲ್ಬೇರಿನ ಪುಟ್ಟ ಸಸಿಗಳಿಗೆ ಮಾತ್ರ ಹುಷಾರಾಗಿರಬೇಕು. ಬೇರೂರಿದ ಹೂಗಿಡಕ್ಕೆ ಚಕ್ಕೆಯಿಂದ ಹಳದಿ ಬಂದದ್ದನ್ನು ನನ್ನ ತೋಟದಲ್ಲಿ ಒಮ್ಮೆಯೂ ಕಂಡಿಲ್ಲ.

ಹಸಿರುಕೈ

ಬೆರೆಸಿಯೇ ನೋಡಿದ್ದು ನಾನು. ಈಗ ಅರ್ಥವಾಯಿತು. ಥ್ಯಾಂಕ್ಸ್.

ನೀಲಿಗೊಂಚಲು

ಹಳದಿ ಎಲೆಯ ಮಾತು ಬಂತು, ನನ್ನದೂ ಸೇರಿಸುತ್ತೇನೆ. ಮನೆ ಮುಂದೆ ಹೈಡ್ರೇಂಜಿಯಾ ಸಾಲು ಇತ್ತು. ಕೊಡದಷ್ಟು ದೊಡ್ಡ ನೀಲಿ ಗೊಂಚಲುಗಳು, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಬುಡಕ್ಕೆ ಬಿಳಿ ಕಲ್ಲು ಹಾಕಿದರೆ ನೀಲಿ ಎದ್ದು ಕಾಣುತ್ತದೆ ಎಂದು ಹೊಳೆಯುವ ಬಿಳಿ ಚೂರುಕಲ್ಲು ತಂದು ಸುರಿದೆ. ಎರಡು ಮೂರು ವರ್ಷದಲ್ಲಿ ನೀಲಿ ಹೋಗಿ ಹೂ ಮಾಸಲು ಗುಲಾಬಿ ಬಣ್ಣಕ್ಕೆ ತಿರುಗಿತು. ಹೊಸ ಎಲೆಗಳು ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ಗೊಬ್ಬರ ಹಾಕಿದೆ, ಉಪಯೋಗವಾಗಲಿಲ್ಲ.

ಆಮೇಲೆ ತಿಳಿಯಿತು, ಅದು ಅಮೃತಶಿಲೆಯ ಚೂರು, ಅಂದರೆ ಸುಣ್ಣದ ಅಂಶದ ಕಲ್ಲು. ಪ್ರತಿ ಮಳೆಗೂ ಒಂದಿಷ್ಟು ಕರಗಿ ಮಣ್ಣನ್ನು ಕ್ಷಾರದ ಕಡೆಗೆ ಎಳೆದಿತ್ತು. ಹೈಡ್ರೇಂಜಿಯಾ ನೀಲಿಯಾಗಲು ಅಲ್ಯುಮಿನಿಯಂ ಬೇಕು, ಅದು ಗಿಡಕ್ಕೆ ದಕ್ಕುವುದು ಹುಳಿ ಮಣ್ಣಿನಲ್ಲಿ. ಕಬ್ಬಿಣದ ಕತೆಯೂ ಹಾಗೆಯೇ: ಮಣ್ಣಿನಲ್ಲಿ ಇದ್ದರೂ ಕ್ಷಾರ ಹೆಚ್ಚಾದರೆ ಬೇರಿಗೆ ಸಿಗುವುದಿಲ್ಲ. ಅಜೇಲಿಯಾ, ಕ್ಯಾಮೆಲಿಯಾ, ಗಾರ್ಡೇನಿಯಾ ಇರುವವರೂ ಇದನ್ನು ನೆನಪಿಡಿ.

ಕಲ್ಲು ತರುವ ಮೊದಲು ಒಂದು ಚೂರಿನ ಮೇಲೆ ವಿನೆಗರ್ ನಾಲ್ಕು ಹನಿ ಬಿಡಿ. ಚಿಕ್ಕ ಗುಳ್ಳೆ ಎದ್ದು ನೊರೆ ಬಂದರೆ ಸುಣ್ಣದ ಕಲ್ಲು. ಗ್ರಾನೈಟ್, ಬೆಣಚುಕಲ್ಲು ಸುಮ್ಮನಿರುತ್ತವೆ. ಕೆಲವು ಕಲ್ಲಿಗೆ ಮೇಲ್ಮೈಯಲ್ಲಿ ಏನೂ ಕಾಣದು, ಮೊಳೆಯಿಂದ ಕೆರೆದು ಆ ಪುಡಿಯ ಮೇಲೆ ಬಿಟ್ಟು ನೋಡಿ. ಐದು ನಿಮಿಷದ ಕೆಲಸ. ನನ್ನ ಗಿಡಗಳಿಗೆ ಆ ಐದು ನಿಮಿಷ ಕೊಡಲಿಲ್ಲವಲ್ಲ ಎಂದು ಈಗಲೂ ನೋವಾಗುತ್ತದೆ.

ಪಾತಿಯಂಚು

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಋಣಿ. ಎರಡು ಸಲ ಓದಿದೆ. ಗಿಡಗಳ ಪಟ್ಟಿ ಹೀಗಿದೆ. ಗೋಡೆಯ ಬಿಸಿಲಿನ ತುದಿಯಲ್ಲಿ ಲ್ಯಾವೆಂಡರ್ ನಾಲ್ಕು, ಸಾಲ್ವಿಯಾ, ವರ್ಬೆನಾ. ನಡುವೆ ಐದು ಗುಲಾಬಿ, ಅವುಗಳ ಮುಂದೆ ಡೇಲಿಲಿ. ಇನ್ನೊಂದು ತುದಿಗೆ ಮರದ ನೆರಳು ಬೀಳುತ್ತದೆ, ಎಲೆಯೂ ಬೀಳುತ್ತದೆ. ಅಲ್ಲಿ ಹೈಡ್ರೇಂಜಿಯಾ ಎರಡು. ಮಣ್ಣು ಜೇಡಿ. ಲ್ಯಾವೆಂಡರ್ ಪ್ರತಿ ಮಳೆಗಾಲಕ್ಕೂ ಒಂದೊಂದು ಸಾಯುತ್ತದೆ, ಕಾರಣ ಗೊತ್ತಿರಲಿಲ್ಲ.

ಬಟ್ಟೆ ಬೇಡ ಎಂದು ತೀರ್ಮಾನಿಸಿದೆ. ಪೂರ್ತಿ ಪಾತಿಗೆ ಜಲ್ಲಿ ಎಂಬುದೂ ಈಗ ತಪ್ಪು ಅನ್ನಿಸುತ್ತಿದೆ. ಬಿಸಿಲಿನ ತುದಿಗೆ ಮಾತ್ರ ಹಾಕಿದರೆ ಹೇಗೆ? ಯಾವ ಗಾತ್ರ, ಎಷ್ಟು ಬೇಕು?

ಕಲ್ಲುಹೂ

ಅದೇ ಸರಿ. ಗೋಡೆಯ ಬಿಸಿಲಿನ ತುದಿ ಜಲ್ಲಿಗೆ, ಗುಲಾಬಿ ಹೈಡ್ರೇಂಜಿಯಾ ತೊಗಟೆಗೆ. ಗುಲಾಬಿ ಹೊಟ್ಟೆಬಾಕ, ಅದಕ್ಕೆ ಕೊಳೆಯುವ ಹೊದಿಕೆಯೇ ಬೇಕು.

ಆದರೆ ಒಂದು ಮಾತು. ಜೇಡಿಮಣ್ಣಿನ ಮೇಲೆ ಜಲ್ಲಿ ಹಾಕಿದ ಮಾತ್ರಕ್ಕೆ ಕೆಳಗೆ ನೀರು ಬಸಿಯುವುದಿಲ್ಲ. ನಿಮ್ಮ ಲ್ಯಾವೆಂಡರ್ ಸಾಯುತ್ತಿರುವುದು ಬುಡಕ್ಕಿಂತ ಹೆಚ್ಚಾಗಿ ಬೇರಿನ ಹತ್ತಿರ ನೀರು ನಿಂತು. ಮೊದಲು ಆ ತುದಿಯನ್ನು ಒಂದು ಗೇಣು ಎತ್ತರದ ದಿಬ್ಬ ಮಾಡಿ, ಕಾಂಪೋಸ್ಟ್ ಬೆರೆಸಿ ಸಡಿಲಿಸಿ. ಒಂದೆರಡು ಬುಟ್ಟಿ ಸಣ್ಣ ಮರಳು ಬೆರೆಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಜೇಡಿಗೆ ಅಷ್ಟು ಮರಳು ಸೇರಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಲ್ಯಾವೆಂಡರನ್ನು ದಿಬ್ಬದ ಮೇಲೆ, ಬೇರು ಹಿಡಿದ ಮಣ್ಣಿನ ಹೆಂಟೆ ನೆಲಮಟ್ಟಕ್ಕಿಂತ ಅರ್ಧ ಅಂಗುಲ ಮೇಲೆ ಕಾಣುವಂತೆ ನೆಡಿ. ಜಲ್ಲಿ ಬಿದ್ದ ಮೇಲೆ ಅದು ಸರಿಹೋಗುತ್ತದೆ.

ಗಾತ್ರ 10ರಿಂದ 20 ಮಿಲಿಮೀಟರ್. ಬೇಬಿ ಜಲ್ಲಿಗಿಂತ ಸಣ್ಣದು ಬೇಡ, ಅದು ಮಣ್ಣಿನೊಳಗೆ ಇಳಿದುಹೋಗುತ್ತದೆ, ಬೆಕ್ಕುಗಳಿಗೂ ಅದೇ ಪ್ರಿಯ. ಕ್ರಷರ್‌ನಿಂದ ಬಂದದ್ದಾದರೆ ಕಲ್ಲುಪುಡಿ ಮೆತ್ತಿಕೊಂಡಿರುತ್ತದೆ. ಬಾಂಡ್ಲಿಯಲ್ಲಿ ಹಾಕಿ, ತಿಳಿನೀರು ಬರುವವರೆಗೆ ತೊಳೆಯಿರಿ. ಆ ಪುಡಿಯೇ ನಾಳೆ ಕಳೆಗೆ ಮಡಿ. ಮೂಲೆ ಇರುವ ಒಡೆದ ಕಲ್ಲು ಒಂದಕ್ಕೊಂದು ಹಿಡಿದುಕೊಂಡು ದಿಬ್ಬದ ಇಳಿಜಾರಿನಲ್ಲೂ ನಿಲ್ಲುತ್ತದೆ, ಗುಂಡುಕಲ್ಲು ಜಾರುತ್ತದೆ.

ಲೆಕ್ಕ: ಮೂರು ಮೀಟರ್ ಉದ್ದ, ಒಂದೂವರೆ ಅಗಲ, 6 ಸೆಂಟಿಮೀಟರ್ ದಪ್ಪ ಎಂದರೆ 0.27 ಘನಮೀಟರ್. ಜಲ್ಲಿ ಘನಮೀಟರಿಗೆ ಸುಮಾರು ಒಂದೂವರೆ ಟನ್ ತೂಗುವುದರಿಂದ ನಿಮಗೆ 400 ಕಿಲೋ ಆಸುಪಾಸು. ನೀವು ಹೇಳಿದ ಒಂದು ಟನ್ ಬೇಕಿಲ್ಲ.

ಹಳೆಗುದ್ದಲಿ

ತಡವಾಗಿ ಬಂದೆ. ಕಲ್ಲು ಹೊದಿಸುವುದು ಅಲಂಕಾರಕ್ಕೆ ಹುಟ್ಟಿದ ಹೊಸ ಫ್ಯಾಷನ್ ಎಂದು ಕೆಲವರು ಭಾವಿಸುತ್ತಾರೆ, ಅದಕ್ಕೇ ಇದನ್ನು ಬರೆಯಬೇಕೆನ್ನಿಸಿತು.

ಚೀನಾದ ವಾಯವ್ಯದ ಗಾನ್ಸು ಸೀಮೆಯಲ್ಲಿ ರೈತರು ಮುನ್ನೂರು ವರ್ಷಕ್ಕೂ ಹಿಂದಿನಿಂದ ಹೊಲಗಳ ಮೇಲೆ ಜಲ್ಲಿ ಮರಳು ಹರಡಿ ಕಲ್ಲಂಗಡಿ ಬೆಳೆಯುತ್ತಾರೆ. ಮಳೆ ಅಪರೂಪ, ಬಿದ್ದದ್ದು ಆರಬಾರದು ಎಂಬುದೇ ಉದ್ದೇಶ. ಸ್ಪೇನಿಗೆ ಸೇರಿದ ಲಾಂಜರೋಟೆ ದ್ವೀಪದಲ್ಲಿ 1730ರಿಂದ 1736ರವರೆಗೆ ಜ್ವಾಲಾಮುಖಿ ಉಕ್ಕಿ ಹೊಲಗಳನ್ನು ಬೂದಿಕಲ್ಲು ಮುಚ್ಚಿಬಿಟ್ಟಿತು. ಆ ಕರಿ ಪದರದ ಕೆಳಗೆ ಮಣ್ಣು ತೇವವಾಗಿರುವುದನ್ನು ಅಲ್ಲಿನವರು ಕಂಡುಕೊಂಡರು. ಅದರಲ್ಲಿ ಗುಳಿ ತೋಡಿ, ಕೆಳಗಿನ ಹಳೆಯ ಮಣ್ಣಿಗೆ ಬೇರು ಮುಟ್ಟುವಂತೆ ದ್ರಾಕ್ಷಿ ಬಳ್ಳಿ ನೆಟ್ಟರು, ಗಾಳಿಗೆ ಅಡ್ಡವಾಗಿ ಅರ್ಧಚಂದ್ರದ ಕಲ್ಲುಕಟ್ಟೆ ಕಟ್ಟಿದರು. ಇಂದಿಗೂ ಅಲ್ಲಿ ಹಾಗೆಯೇ ಬೆಳೆಯುತ್ತಾರೆ. ಈಸ್ಟರ್ ದ್ವೀಪದವರೂ ತಮ್ಮ ತೋಟಗಳಿಗೆ ಕಲ್ಲು ಹರಡಿದ್ದರು.

ಗಾನ್ಸುವಿನ ಕತೆಗೆ ಇನ್ನೊಂದು ಭಾಗ ಇದೆ. ಉಳುಮೆ, ಗಾಳಿ, ಮಳೆ ಸೇರಿ ವರ್ಷಗಳು ಕಳೆದಂತೆ ಮಣ್ಣು ಕಲ್ಲಿನ ಸಂದಿಗೆ ಏರುತ್ತದೆ. ಆಗ ಆ ಹೊಲ ಹಳತಾಯಿತು ಎನ್ನುತ್ತಾರೆ. ಕಲ್ಲು ಹೊತ್ತ ಅಪ್ಪ ಬವಣೆಪಟ್ಟ, ಮಗ ಸಿರಿವಂತನಾದ, ಮೊಮ್ಮಗ ಬಡವನಾದ ಎಂಬರ್ಥದ ಗಾದೆಯೇ ಅಲ್ಲಿದೆ. ಜರಡಿ ಅವರಿಗೆ ಆರು ವರ್ಷದಲ್ಲಿ ಆದದ್ದು ಅದೇ. ಒಮ್ಮೆ ಮಾಡಿದರೆ ಮುಗಿಯಿತಲ್ಲವೇ ಎಂಬ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಕಲ್ಲು ಸವೆಯುವುದಿಲ್ಲ, ಆದರೆ ಕಲ್ಲಿನ ನಡುವಿನ ಖಾಲಿ ಜಾಗ ತುಂಬುತ್ತದೆ. ನೀವು ಕಾಯಬೇಕಾದದ್ದು ಆ ಖಾಲಿ ಜಾಗವನ್ನು. ಎಲೆ ಬಿದ್ದ ವಾರವೇ ತೆಗೆಯಿರಿ. ಗಿಡ ಸವರಿದ ಕಡ್ಡಿಯನ್ನು ಅಲ್ಲೇ ಬಿಡಬೇಡಿ. ಗಿಡ ಕಿತ್ತಾಗ ಬೇರಿನ ಮಣ್ಣನ್ನು ಕಲ್ಲಿನ ಮೇಲೆ ಕೊಡವಬೇಡಿ, ಚೀಲಕ್ಕೆ ಕೊಡವಿ.

ಬೇರುಬಿಳಲು

ಹಳೆಗುದ್ದಲಿ ಅವರ ಮಾತಿಗೆ ಪೂರಕವಾಗಿ: ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಓಲ್ಬ್ರಿಕ್ ಸಸ್ಯೋದ್ಯಾನದವರು ನಾಲ್ಕೈದು ಅಂಗುಲ ದಪ್ಪ ಜಲ್ಲಿ ಹಾಕುತ್ತಾರೆ. ಪುಡಿಯಿಲ್ಲದ ಶುದ್ಧ ಜಲ್ಲಿ, ಸುತ್ತ ಗಟ್ಟಿ ಅಂಚು. ಮೇಲೆ ಬಿದ್ದ ಕಳೆಬೀಜ ಮೊಳೆತರೂ ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ಕುಂಡದಿಂದ ತೆಗೆದ ಗಿಡವನ್ನು ಜಲ್ಲಿಯೊಳಗೇ ಕೂರಿಸಿ, ಬೇರು ಕೆಳಗಿಳಿಯುವವರೆಗೆ ಬಿಡದೆ ನೀರು ಕೊಡುತ್ತಾರೆ. ಎರಡಂಗುಲ ಜಲ್ಲಿ ಕಳೆ ತಡೆಯುವುದಕ್ಕಿಂತ ಕಳೆಗೆ ಸಸಿಮಡಿ ಆಗುವ ಸಂಭವವೇ ಹೆಚ್ಚು ಎನ್ನುತ್ತೇನೆ.

ಕಲ್ಲುಹೂ

ಅದು ಹೊಸದಾಗಿ ನೆಡುವವರಿಗೆ ಒಳ್ಳೆಯ ದಾರಿ. ಇವರದ್ದು ಈಗಾಗಲೇ ಬೆಳೆದ ಸಾಲ್ವಿಯಾ, ವರ್ಬೆನಾ. ಐದಂಗುಲ ಸುರಿದರೆ ಅವುಗಳ ಬುಡ ಹೂತುಹೋಗುತ್ತದೆ. ಸಸಿಮಡಿ ಆಗುವುದೂ ನಿಜ, ಆದರೆ ಕಳೆಗೆ ಮಾತ್ರವಲ್ಲ, ನಮ್ಮ ಹೂಗಿಡಗಳಿಗೂ ಅದೇ ಮಡಿ. ನನ್ನ ಪಾತಿಯ ಅರ್ಧ ಗಿಡಗಳು ನಾನು ನೆಟ್ಟವಲ್ಲ, ಉದುರಿದ ಬೀಜದಿಂದ ತಾವೇ ಎದ್ದವು. ಎರಡೆಲೆಯ ಕಳೆಯನ್ನು ಎರಡು ಬೆರಳಲ್ಲಿ ಎತ್ತಿದರೆ ಬೇರು ಸಮೇತ ಬರುತ್ತದೆ, ಬಟ್ಟೆ ಇಲ್ಲದಿದ್ದರೆ. ವಾರಕ್ಕೆ ಹತ್ತು ನಿಮಿಷ, ಅಷ್ಟೇ ನನ್ನ ಕಳೆಕೆಲಸ.

ಬೇರುಬಿಳಲು

ಬೆಳೆದ ಗಿಡದ ವಿಷಯ ನಾನು ಗಮನಿಸಿರಲಿಲ್ಲ. ಆ ತುದಿಗೆ 6 ಸೆಂಟಿಮೀಟರೇ ಸರಿ.

ಪಾತಿಯಂಚು

ಹಾಗಾದರೆ ಮೂರು ಮೀಟರ್ ಜಲ್ಲಿ, ಉಳಿದ ಐದು ಮೀಟರ್ ತೊಗಟೆ. ನಡುವೆ ಎರಡೂ ಬೆರೆಯದಂತೆ ಇಟ್ಟಿಗೆ ಸಾಲು ಹೂಳುತ್ತೇನೆ. ತೊಗಟೆ ಮಳೆಗೆ ತೇಲುವುದಕ್ಕೂ ಅಂಚಿನಲ್ಲಿ ಇಟ್ಟಿಗೆಯನ್ನು ಎರಡಂಗುಲ ಎತ್ತರಿಸುತ್ತೇನೆ, ಇಷ್ಟು ವರ್ಷ ಅದೇಕೆ ಹೊಳೆಯಲಿಲ್ಲವೋ. ವಿನೆಗರ್ ಪರೀಕ್ಷೆ ಮಾಡಿದೆ, ನೊರೆ ಇಲ್ಲ.

ನೀಲಿಗೊಂಚಲು

ಸದ್ಯ! ಹೈಡ್ರೇಂಜಿಯಾ ಬುಡಕ್ಕೆ ತೊಗಟೆ ತಾಗಿಸಬೇಡಿ, ನಾಲ್ಕು ಬೆರಳು ಬಿಟ್ಟು ಸುತ್ತ ಹಾಕಿ.

ಪಾತಿಯಂಚು (ಹತ್ತು ತಿಂಗಳ ನಂತರ)

ಕೇಳಿ ಸುಮ್ಮನಾದೆ ಎಂದುಕೊಳ್ಳಬೇಡಿ, ಒಂದು ಮಳೆಗಾಲ ಕಳೆಯಲಿ ಎಂದು ಕಾದೆ.

ದಿಬ್ಬ ಮಾಡಲು ಎರಡು ದಿನ, ಜಲ್ಲಿ ತೊಳೆಯಲು ಇನ್ನೆರಡು ದಿನ ಹಿಡಿಯಿತು. ತೊಳೆದ ನೀರು ಹಾಲಿನಂತೆ ಬಿಳಿ, ಅಷ್ಟೊಂದು ಪುಡಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾಲ್ಕು ಲ್ಯಾವೆಂಡರ್‌ಗಳನ್ನು ಎತ್ತಿ ದಿಬ್ಬದ ಮೇಲೆ ನೆಟ್ಟೆ. ಒಂದು ಆ ವಾರವೇ ಒಣಗಿತು, ಬೇರು ಹರಿದಿತ್ತು ಎಂದು ಕಾಣುತ್ತದೆ. ಉಳಿದ ಮೂರು ಇಡೀ ಮಳೆಗಾಲ ದಾಟಿದವು. ಬುಡದ ಕಡ್ಡಿ ಬಿಡಿಸಿ ನೋಡಿದೆ, ಗಟ್ಟಿಯಾಗಿದೆ, ಕಪ್ಪಾಗಿಲ್ಲ. ನಾಲ್ಕು ವರ್ಷದಲ್ಲಿ ಇದೇ ಮೊದಲು.

ತೊಗಟೆ ಕಡೆ ಇಟ್ಟಿಗೆ ಅಂಚು ಒಳ್ಳೆಯ ಕೆಲಸ ಮಾಡಿದೆ, ಕಾಲುದಾರಿಗೆ ಬಂದದ್ದು ಹಿಡಿಯಷ್ಟು ಮಾತ್ರ. ಹೊಸದಾಗಿ ಹಾಕಬೇಕಾದದ್ದೂ ಐದು ಮೀಟರಿಗೆ ಮಾತ್ರ, ಬೆನ್ನಿಗೆ ಸಮಾಧಾನ. ಮರದ ಎಲೆಗಳನ್ನು ಈಗ ಗುಡಿಸಿ ಎಸೆಯುವುದಿಲ್ಲ, ಹೈಡ್ರೇಂಜಿಯಾ ಸುತ್ತಲೇ ಹರಡುತ್ತೇನೆ. ಜಲ್ಲಿಯ ಮೇಲೂ ಸ್ವಲ್ಪ ಎಲೆ ಬರುತ್ತದೆ, ವಾರಕ್ಕೊಮ್ಮೆ ಕೈಯಿಂದ ಆರಿಸುತ್ತೇನೆ.

ಬಿಸಿಲು ಹೆಚ್ಚಾದಾಗ ಜಲ್ಲಿಯ ಅಂಚಿಗಿದ್ದ ಒಂದು ಡೇಲಿಲಿ ಮಧ್ಯಾಹ್ನ ಜೋಲುತ್ತಿತ್ತು, ಅದನ್ನು ಗುಲಾಬಿ ಕಡೆಗೆ ಸರಿಸಿದೆ.

ಈಗ ಒಂದು ಪ್ರಶ್ನೆ. ಜಲ್ಲಿಯ ನಡುವೆ ಸಣ್ಣ ಸಸಿಗಳು ಎದ್ದಿವೆ, ಎಣಿಸಿದೆ, ಹತ್ತೊಂಬತ್ತು. ಎಲೆ ಒರಟು, ಅಂಚು ಗರಗಸದಂತೆ, ಕಾಂಡ ಚೌಕ. ವರ್ಬೆನಾ ಇರಬಹುದೇ? ಈಗಲೇ ಎತ್ತಿ ಬೇರೆ ಕಡೆ ನೆಡಬಹುದೇ?

ಕಲ್ಲುಹೂ

ಚೌಕ ಕಾಂಡ, ಒರಟು ಎಲೆ ಎಂದರೆ ವರ್ಬೆನಾ ಎಂದೇ ನನ್ನ ಊಹೆ. ಪಕ್ಕದ ತಾಯಿಗಿಡದ ಎಲೆ ಹಿಡಿದು ಹೋಲಿಸಿ ನೋಡಿ. ಈಗ ಎತ್ತಬೇಡಿ. ನಾಲ್ಕು ಜೋಡಿ ಎಲೆ ಬರಲಿ. ಹಿಂದಿನ ಸಂಜೆ ನೀರು ಹಾಕಿ, ಮಾರನೆಯ ಬೆಳಿಗ್ಗೆ ಸುತ್ತಲಿನ ಕಲ್ಲು ಬೆರಳಿಂದ ಸರಿಸಿ, ಕೈಸಲಿಕೆಯನ್ನು ಆಳಕ್ಕೆ ಇಳಿಸಿ ಮಣ್ಣಿನ ಹೆಂಟೆ ಸಮೇತ ಎತ್ತಿ. ಜಲ್ಲಿಯಲ್ಲಿ ಹುಟ್ಟಿದ ಸಸಿಯ ಬೇರು ಗಿಡಕ್ಕಿಂತ ಉದ್ದ ಇರುತ್ತದೆ, ಎಳೆದರೆ ತುಂಡಾಗುತ್ತದೆ. ಐದಾರನ್ನು ಅಲ್ಲೇ ಬಿಡಿ, ಸತ್ತ ಲ್ಯಾವೆಂಡರಿನ ಜಾಗ ತುಂಬಲಿ.

ಜರಡಿ

ಉಳಿದ ಸಸಿ ಯಾರಿಗಾದರೂ ಕೊಡುವುದಿದ್ದರೆ ನನಗೆ ಮೂರು ಇಡಿ. ಇಂದು ಬೆಳಿಗ್ಗೆ ಕೊನೆಯ ಮೀಟರ್ ಜರಡಿ ಹಿಡಿದು ಮುಗಿಸಿದೆ. ತೊಳೆದ ಕಲ್ಲು ಒಂದು ರಾಶಿ ಉಳಿದಿದೆ, ಮರದಿಂದ ದೂರದಲ್ಲಿ ಒಂದು ಬಿಸಿಲು ಮೂಲೆಯೂ ಇದೆ.